ಕುರುಗೋಡಿನ ದೀಪದ ಮನೆಗೆ ಹೋದ ನರ್ಸಮ್ಮ

ಮೊನ್ನೆ ಹಳೆಯ ಟ್ರಂಕಿನ ತಳ ಒರೆಸುವಾಗ ನುಸಿಗುಳಿಗೆಯ ವಾಸನೆಯ ಜೊತೆಗೆ ಒಂದು ಉಲ್ಲನ್ ಟೋಪಿ ಕೈಗೆ ಬಂತು. ಕೂಸಿನ ಟೋಪಿ. ಹಳದಿ ಬಣ್ಣ, ಕಿವಿ ಮುಚ್ಚುವಂಥದ್ದು, ಗದ್ದದ ಕೆಳಗೆ ಕಟ್ಟಲು ಎರಡು ಎಳೆ. ಬಳ್ಳಾರಿಯ ಬಿಸಿಲು ಕಂಡವರು ಯಾರಾದರೂ ಕೂಸಿಗೆ ಉಲ್ಲನ್ ಟೋಪಿ ಹೆಣೆಯುತ್ತಾರೆಯೇ? ಪಕ್ಕದ ಮನೆಯ ನರ್ಸಮ್ಮ ಹೆಣೆದಿದ್ದರು. ನನ್ನ ಹಿರಿಯ ಮಗ ಹುಟ್ಟಿದಾಗ.

"ಈ ಬಿಸಿಲಾಗ ಕೂಸಿನ ತಲಿ ಬೇಯಿಸ್ಬೇಕಂತ ಮಾಡ್ಯಾಳೇನು ನಿನ್ನ ದೊರೆಸಾನಿ?" ಎಂದು ನಮ್ಮ ಅತ್ತೆ ನಕ್ಕಿದ್ದರು.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಸತ್ಯನಾರಾಯಣಪೇಟೆಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತರಾದವರು. ಬೀದಿಗೆಲ್ಲ ನರ್ಸಮ್ಮ. ಮದುವೆಯಾಗಿರಲಿಲ್ಲ. ಬಣ್ಣ ನಮ್ಮ ಹಾಗೆಯೇ ಗೋಧಿ; ಫ್ರಾಕು ಹಾಕುತ್ತಿದ್ದರು, ಭಾನುವಾರ ಚರ್ಚಿಗೆ ಹೋಗುತ್ತಿದ್ದರು, ಮಾತು ಮಾತ್ರ ಕನ್ನಡ, ತೆಲುಗು, ಉರ್ದು ಮೂರೂ ಕಲೆಸಿದ್ದು. ತಲೆಗೆ ಸದಾ ಒಂದು ವಸ್ತ್ರ ಕಟ್ಟಿರುತ್ತಿದ್ದರು. ನಮ್ಮ ಅಡುಗೆಮನೆಗೆ ಬಂದರೆ ಅವರಿಗೊಂದು ಸ್ಟೂಲು ಬೇಕು. ನೆಲದ ಮೇಲೆ ಕೂರಲು ಅವರ ಮೊಣಕಾಲು ಮಡಚುತ್ತಿರಲಿಲ್ಲ. "ನಮ್ಮ ವಂಶದಾಗ ಯಾರಿಗೂ ನೆಲಕ್ಕ ಕುಂದ್ರಾಕ ಬರಂಗಿಲ್ಲ ತಂಗಿ" ಎನ್ನುತ್ತಿದ್ದರು, ಅದೇನೋ ದೊಡ್ಡಸ್ತಿಕೆ ಎನ್ನುವ ಹಾಗೆ.

ಆ ವಂಶದ್ದೇ ಅವರಿಗೊಂದು ಹುಚ್ಚು. ಕಂಪನಿ ಸರ್ಕಾರದ ಕಾಲದಲ್ಲಿ ಹತ್ತಿ ಕೊಳ್ಳಲು ಇಂಗ್ಲೆಂಡಿನಿಂದ ಬಳ್ಳಾರಿಗೆ ಬಂದು ನೆಲೆಸಿದವನೊಬ್ಬ ಅವರ ಮೂಲಪುರುಷ. ಅವನ ಹೆಂಡತಿ, ಎರಡು ಕೂಸುಗಳು ಇಲ್ಲಿಯ ಕಾಲರಾದಲ್ಲಿ ಹೋದವು. ಉಳಿದ ಒಬ್ಬ ಮಗನ ಕುಡಿ ಇವರೆಲ್ಲ. ಹೆಂಡತಿ ಮಕ್ಕಳ ಕಲ್ಲುಗಳು ಇಂಗ್ಲಿಷರ ಹಳೆಯ ಸ್ಮಶಾನದಲ್ಲಿದ್ದವು. ನನ್ನನ್ನು ಒಮ್ಮೆ ಕರೆದುಕೊಂಡು ಹೋಗಿ ತೋರಿಸಿದ್ದರು. ಪಕ್ಕದಲ್ಲಿ ಒಬ್ಬರು ಮಲಗುವಷ್ಟು ಜಾಗ ಖಾಲಿ. ಅದು ಅವನಿಗೆ ಬಿಟ್ಟದ್ದು. ಒಂದು ಹತ್ತಿ ಸುಗ್ಗಿಯಲ್ಲಿ ಸಿರುಗುಪ್ಪದ ಕಡೆ ಹೋದವನು ತಿರುಗಿ ಬರಲೇ ಇಲ್ಲವಂತೆ. ಸತ್ತನೆಂಬ ಸುದ್ದಿಯೂ ಬರಲಿಲ್ಲ. ಆ ಖಾಲಿ ಜಾಗದಲ್ಲಿ ಹುಲ್ಲು ಕೂಡ ಹುಟ್ಟಿರಲಿಲ್ಲ... ನಾನು ಮನಸ್ಸಿನಲ್ಲೇ ಪಂಚಾಕ್ಷರಿ ಹೇಳಿಕೊಂಡೆ.

ಆ ವರ್ಷ ಆಸ್ಟ್ರೇಲಿಯಾದಲ್ಲಿದ್ದ ಅವರ ತಂಗಿ, ಬರುವುದಾದರೆ ಈಗಲೇ ಬಂದುಬಿಡು ಎಂದು ಹಟ ಹಿಡಿದಿದ್ದಳು. ಊರಲ್ಲಿದ್ದ ಅವರ ಜನರೆಲ್ಲ ಒಬ್ಬೊಬ್ಬರಾಗಿ ಹೊರಟುಹೋಗಿದ್ದರು.

"ಆ ಹತ್ತಿ ದೊರೆ ಎಲ್ಲಿ ಹೋದ ಅಂತ ಒಂದ್ಸಲ ಹುಡುಕ್ತೀನಿ ತಂಗಿ" ಎಂದರು ನರ್ಸಮ್ಮ. "ಈ ನೆಲದಾಗ ನಮ್ಮೋರು ಅನ್ನೋರು ಒಬ್ಬರಾದ್ರೂ ಸಿಕ್ರ ಇಲ್ಲೇ ಇರ್ತೀನಿ. ಇಲ್ಲಂದ್ರ ಹೋಗ್ತೀನಿ. ಹೋದ್ರ ಅಲ್ಲಿ ಸಾಯೋದ ಅಷ್ಟ."

ನನ್ನ ತವರು ಸಿರುಗುಪ್ಪ. ಹೀಗಾಗಿ ಜೊತೆಗೆ ಹೊರಟೆ. ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ಮಗ ದಾರಿಯುದ್ದಕ್ಕೂ ನಿದ್ದೆ ಮಾಡಿದ. ಅಷ್ಟಾದರೂ ಶಿವ ನಡೆಸಿಕೊಟ್ಟ. ನಮ್ಮ ಅಣ್ಣ ಅಕ್ಕಿ ಗಿರಣಿಯ ಮುದುಕರನ್ನೆಲ್ಲ ಕೇಳಿ ನೋಡಿದ. ಹತ್ತಿರದ ರಾರಾವಿ ಊರಿನವರನ್ನು ಕೇಳಿದ. ಹತ್ತಿ ದೊರೆಯ ಹೆಸರನ್ನು ಯಾರೂ ಕೇಳಿರಲಿಲ್ಲ. ನರ್ಸಮ್ಮ ಸಪ್ಪಗಾಗಿ ಹಿತ್ತಲಿಗೆ ಹೋಗಿ ಮುಖ ತೊಳೆಯತೊಡಗಿದರು. ತಲೆಯ ವಸ್ತ್ರ ಬಿಚ್ಚಿದ್ದರು. ಇಷ್ಟು ವರ್ಷ ಗೋಡೆಗೆ ಗೋಡೆ ಹತ್ತಿ ಬದುಕಿದವಳು ನಾನು ಅವರ ತಲೆ ನೋಡಿದ್ದು ಅದೇ ಮೊದಲು. ಹಣೆಯ ನಡುವೆ, ಕೂದಲು ಹುಟ್ಟುವಲ್ಲಿ, ಸುಣ್ಣದಂಥ ಬಿಳಿ ಮಚ್ಚೆ. ಅಲ್ಲಿಂದ ಹಿಂದಕ್ಕೆ ಕಪ್ಪು ಕೂದಲ ನಡುವೆ ಒಂದು ಬಿಳಿ ಪಟ್ಟಿ.

ನೀರು ಹಾಕುತ್ತಿದ್ದ ನಮ್ಮ ಅವ್ವನ ಕೈಯಲ್ಲಿ ಚೊಂಬು ಹಾಗೇ ನಿಂತಿತು.

"ಅಯ್ಯ ಶಿವನ! ಇಕಿ ವಿಭೂತಿ ಹಚ್ಚಿಗೊಂಡು ಹುಟ್ಟಿದಾಕಿ. ಕುರುಗೋಡಿನ ದೀಪದ ಮನಿಯಾಕಿ ಅಲ್ಲೇನ ಇಕಿ?"

"ಹುಟ್ಟಿನಿಂದ ಐತ್ರಿ" ಎಂದರು ನರ್ಸಮ್ಮ, ನಾಚಿಕೊಂಡು ವಸ್ತ್ರ ಎಳೆದುಕೊಳ್ಳುತ್ತ. "ನಮ್ಮ ಅಪ್ಪಗೂ ಇತ್ತು. ಅವರಪ್ಪಗೂ ಇತ್ತು."

ಅವ್ವ ಹೇಳಿದ್ದಿಷ್ಟು. ಕುರುಗೋಡಿನಲ್ಲಿ ನಮ್ಮವರದೇ ಒಂದು ಮನೆತನವಿದೆ. ಆ ಮನೆಯಲ್ಲಿ ಆಗಾಗ ಹಣೆಯ ಮೇಲೆ ಇಂಥ ಮಚ್ಚೆ ಹೊತ್ತ ಕೂಸು ಹುಟ್ಟುತ್ತದೆ. ಶಿವನೇ ಹೊಟ್ಟೆಯಲ್ಲಿರುವಾಗ ವಿಭೂತಿ ಹಚ್ಚಿ ಕಳಿಸಿದ ಕೂಸು ಎಂದು ಊರವರು ಅದರ ಪಾದ ಮುಟ್ಟುತ್ತಾರೆ. ಹಿತ್ತಲಿನಲ್ಲಿ ಅವರ ಹಿರಿಯನೊಬ್ಬನ ಗದ್ದುಗೆ, ಅಂದರೆ ಅವನನ್ನು ಮಣ್ಣು ಮಾಡಿದ ಕಟ್ಟೆ, ಇದೆ. ಅಲ್ಲಿ ದೀಪ ಹಚ್ಚುವ ಹಕ್ಕು ಮಚ್ಚೆ ಇದ್ದವರಿಗೆ ಮಾತ್ರ. ಬೇರೆಯವರು ಎಣ್ಣೆ ಹಾಕಬಹುದು, ಬತ್ತಿ ಹೊಸೆಯಬಹುದು, ಹಚ್ಚುವಂತಿಲ್ಲ.

ಮರುದಿನ ಕುರುಗೋಡಿನಲ್ಲಿ ಬಸ್ಸಿಳಿದಾಗ ನಡುಮಧ್ಯಾಹ್ನ. ಬಂಡೆಗುಡ್ಡ ಕಾದ ಹಂಚಿನಂತಿತ್ತು. ಬೀದಿಯಲ್ಲಿ ಒಂದು ನಾಯಿ ಕೂಡ ಇರಲಿಲ್ಲ. ಆ ಮನೆಯ ಬಾಗಿಲು ಪೂರ್ತಿ ತೆರೆದಿತ್ತು. ಒಳಗೆ ಕತ್ತಲು, ತಂಪು, ಎಳ್ಳೆಣ್ಣೆಯ ಕಮಟು. ನಾವಿನ್ನೂ ಹೊಸ್ತಿಲಾಚೆ ಇದ್ದೆವು, ಯಾರನ್ನೂ ಕೂಗಿರಲಿಲ್ಲ.

"ಬಂದೇನವ್ವ? ಒಳಗ ಬಾ. ಎಷ್ಟ ತಡ ಮಾಡಿದಿ" ಎಂದು ಒಳಗಿನಿಂದ ಮುದುಕಿಯೊಬ್ಬಳ ದನಿ ಬಂತು.

ಕಂಬಕ್ಕೆ ಒರಗಿ ಕೂತಿದ್ದ ಆಕೆಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ತಲೆ ಪೂರ್ತಿ ಬಿಳಿ. ಹಣೆಯ ಮೇಲೆ ಮಾತ್ರ ಅದೇ ಮಚ್ಚೆ, ಅದೇ ಜಾಗ, ಅದೇ ಆಕಾರ. ನರ್ಸಮ್ಮ ಹತ್ತಿರ ಬಗ್ಗಿದಾಗ ಮುದುಕಿ ಕೈ ಚಾಚಿ ನೇರ ಅವರ ಹಣೆ ಮುಟ್ಟಿದಳು. ವಸ್ತ್ರದ ಒಳಗೆ ಬೆರಳು ತೂರಿಸಿ ಮಚ್ಚೆಯನ್ನು ಸವರಿದಳು. ಆಕೆಯ ಸೊಸೆ ನೀರು ತಂದವಳು ಅಲ್ಲೇ ನಿಂತು ಅಳತೊಡಗಿದಳು. ಆ ಮನೆಯಲ್ಲಿ ಮಚ್ಚೆಯ ಕೂಸು ಹುಟ್ಟುವುದು ನಿಂತೇ ಹೋಗಿತ್ತಂತೆ. ಮುದುಕಿಯ ನಂತರ ದೀಪ ಯಾರು ಹಚ್ಚಬೇಕು ಎಂದು ಮನೆಯವರೆಲ್ಲ ದಿಗಿಲುಬಿದ್ದಿದ್ದರು.

ಹಿತ್ತಲಿನ ಗದ್ದುಗೆಯ ಮುಂದೆ ಒಂದು ಎತ್ತರದ ಮರದ ಪೀಠವಿತ್ತು. ಹಿರಿಯರ ಹಬ್ಬದ ದಿನ ಉಳಿದ ಹಿರಿಯರಿಗೆ ನೆಲದ ಮೇಲೆ ಎಡೆ ಹಾಕಿ, ಈ ತಾತನಿಗೆ ಮಾತ್ರ ಪೀಠದ ಮೇಲೆ ಇಡುತ್ತಿದ್ದರಂತೆ. ಯಾಕೆ ಎಂದು ನರ್ಸಮ್ಮ ಕೇಳಿದರು.

"ತಾತಗ ನೆಲಕ್ಕ ಕುಂದ್ರಾಕ ಬರ್ತಿದ್ದಿಲ್ಲವ್ವ. ಮೊಣಕಾಲು ಮಡಚ್ತಿದ್ದಿಲ್ಲ. ಕಡೀಕ ಮಣ್ಣಾಗ ಕುಂದ್ರಿಸಿದ್ವಿ ನೋಡು, ಚಕ್ಕಳಬಕ್ಕಳ ಹಾಕಿಸಿ. ಆಗ ಕಲ್ತ."

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸಿಯೇ ಮಣ್ಣು ಮಾಡುವುದು. ಚಿಕ್ಕಂದಿನಿಂದ ಕಂಡದ್ದು. ಆದರೂ ಅವತ್ತು ಗದ್ದುಗೆಯಿಂದ ಎರಡು ಹೆಜ್ಜೆ ಹಿಂದೆ ಸರಿದೆ.

"ನೀವು ನೋಡೀರೇನ್ರಿ ಅವರನ್ನ?" ನರ್ಸಮ್ಮ ಕೇಳಿದರು. ಕಂಪನಿ ಕಾಲದವನನ್ನು ಈ ಮುದುಕಿ ನೋಡಿರುವುದು ಹೇಗೆ?

"ಈ ಮನಿಯಾಗ ನೋಡಿದೋರು, ನೋಡದೋರು ಅಂತ ಇಲ್ಲ."

"ಅವರ ಹೆಸರು? ಯಾವ ಊರಿಂದ ಬಂದಿದ್ರು?"

"ತಾತ ಅಂತೀವಿ. ಬರೋದೆಲ್ಲಿಂದ? ಇಲ್ಲೇ ಇದ್ದ."

ಮೂಲಪುರುಷ ಸಿಕ್ಕಿದ್ದ. ಹೆಂಡತಿ ಮಕ್ಕಳು ಹೋದ ಮೇಲೆ ಇಲ್ಲಿಗೆ ಬಂದು, ಈ ಮನೆಯ ಹೆಣ್ಣನ್ನು ಕಟ್ಟಿಕೊಂಡು, ಇವರ ತಾತನಾಗಿಬಿಟ್ಟಿದ್ದ. ಬಸ್ಸು ಹತ್ತಿ ಬಳ್ಳಾರಿಗೆ ತಿರುಗಿ ಬಂದೆವು. ನಮ್ಮ ಮನೆಯ ಬಾಗಿಲಲ್ಲಿ ನರ್ಸಮ್ಮ, "ಒಬ್ಬರಾದ್ರೂ ಅಂದಿದ್ದೆ ತಂಗಿ, ಮನಿ ತುಂಬ ಅದಾರ" ಎಂದು ನಕ್ಕರು. ಆ ನಗುವನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ. ತಿಂಗಳೊಪ್ಪತ್ತಿನಲ್ಲಿ ಮನೆ ಖಾಲಿ ಮಾಡಿ ಕುರುಗೋಡಿಗೆ ಹೋದರು. ಆಸ್ಟ್ರೇಲಿಯಾದ ತಂಗಿಗೆ ಏನು ಹೇಳಿದರೋ...

ಮೊದಲ ಸಲ ನೋಡಲು ಹೋದಾಗ ಸೀರೆಯುಟ್ಟಿದ್ದರು. ಕೊರಳಲ್ಲಿ ಶಿಲುಬೆಯೂ ಇತ್ತು, ಲಿಂಗವೂ ಇತ್ತು. ನಾನು ನೋಡುತ್ತಿದ್ದುದನ್ನು ಕಂಡು, "ಎರಡೂ ಒಂದ ಕೊಳ್ಳಾಗ ಅದಾವ, ಇನ್ನೂತನಕ ಜಗಳ ಬಂದಿಲ್ಲ" ಎಂದರು. ನಾನೂ ನಕ್ಕೆ. ಮುದುಕಿ ತೀರಿಕೊಂಡು ಸ್ವಲ್ಪ ದಿನವಾಗಿತ್ತು, ದೀಪ ಇವರೇ ಹಚ್ಚುತ್ತಿದ್ದರು.

ಆಮೇಲೆ ನನಗೆ ಇನ್ನೆರಡು ಹೆರಿಗೆ, ಅತ್ತೆಯವರ ಕಾಯಿಲೆ. ಎಂಬತ್ತರ ಸುಮಾರಿಗೆ ಮತ್ತೊಮ್ಮೆ ಹೋದೆ. ಹಿಂದಿನಿಂದ "ನರ್ಸಮ್ಮ" ಎಂದು ಕರೆದೆ. ತಿರುಗಲಿಲ್ಲ. ಮತ್ತೆ ಕರೆದೆ. ಮನೆಯ ಮಗುವೊಂದು "ದೀಪದವ್ವ" ಎಂದಾಗ ತಿರುಗಿದರು. ಕಂಬಕ್ಕೆ ಒರಗಿ ಕೂತಿದ್ದರು. ನೆಲದ ಮೇಲೆ. ಚಕ್ಕಳಬಕ್ಕಳ ಹಾಕಿಕೊಂಡು, ಹುಟ್ಟಿದಾಗಿನಿಂದ ಹಾಗೆಯೇ ಕೂತವರಂತೆ. ಕೊರಳಲ್ಲಿ ಲಿಂಗ ಒಂದೇ ಇತ್ತು.

ನನ್ನ ಗುರುತು ಹಿಡಿದರು. ಹಿಡಿದರೆಂದೇ ನಾನು ನಂಬಿದ್ದೇನೆ. ಬೆಲ್ಲ, ನೀರು ಕೊಟ್ಟರು, ಮಕ್ಕಳೆಷ್ಟು ಎಂದು ಕೇಳಿದರು. ಮಾತು ತಾತನ ಕಡೆ ಹೊರಳಿತು. ಆತ ಜ್ವರದಲ್ಲಿ ಹೇಗೆ ಬಡಬಡಿಸಿದ, ನೀರು ಹೇಗೆ ಬೇಡಿದ ಎಂದೆಲ್ಲ ಹೇಳುತ್ತ ಬಂದರು. "ಕಾಲು ಮಡಚಾಕ ಭಾಳ ತ್ರಾಸ ಆತು. ಕಡೀಕ ನಾವ ನಾಕು ಮಂದಿ ಹಿಡಿದು ಕುಂದ್ರಿಸಿದ್ವಿ" ಎಂದರು.

ನಾವ...

ನಾನು ಬೆಲ್ಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಎದ್ದೆ.

ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ವರ್ಷವಾದ ಮೇಲೆ. ಹೋಗಬೇಕು ಹೋಗಬೇಕು ಎನ್ನುತ್ತ ವಯಸ್ಸಾಯಿತು. ಈ ಟೋಪಿ ಸಿಕ್ಕ ವಾರವೇ ಮಗನ ಬೆನ್ನುಬಿದ್ದು ಕುರುಗೋಡಿಗೆ ಹೋದೆ. ಮನೆ ಇದೆ. ಹಿತ್ತಲಿನಲ್ಲಿ ಈಗ ಸಾಲಾಗಿ ಮೂರು ಗದ್ದುಗೆ. ದೀಪದ ಗೂಡಿನಲ್ಲಿ ಒಂದು ಸಣ್ಣ ಕೆಂಪು ಕರೆಂಟ್ ಬಲ್ಬು ಉರಿಯುತ್ತಿತ್ತು.

"ಹಚ್ಚೋರಿಲ್ಲಲ್ರಿ ಈಗ, ಸ್ವಿಚ್ ಹಾಕಿ ಬಿಟ್ಟೀವ್ರಿ, ಆರ್ಸಂಗಿಲ್ಲ" ಎಂದಳು ಈಗಿನ ಸೊಸೆ, ಒಳ್ಳೆಯ ಹುಡುಗಿ. "ಕೊನಿ ಗದ್ದಿಗಿ ದೀಪದವ್ವಂದು."

"ನಮ್ಮ ಪಕ್ಕದ ಮನೆಯಲ್ಲಿದ್ದರಮ್ಮ" ಎಂದೆ. "ಬಳ್ಳಾರಿಯಲ್ಲಿ ನರ್ಸ್ ಆಗಿದ್ದರು. ಇಂಗ್ಲಿಷರ ಪೈಕಿ."

ಅವಳು ನಗುತ್ತ ತಲೆಯಾಡಿಸಿದಳು. "ನಿಮಗ ಬ್ಯಾರೆ ಯಾರದೋ ನೆನಪಾಗೇತ್ರಿ ಅಮ್ಮ. ದೀಪದವ್ವ ಈ ಮನಿಯಾಗ ಹುಟ್ಟಿದಾಕಿ. ಈ ಹೊಸ್ತಿಲ ದಾಟಿದಾಕಿ ಅಲ್ಲ."

ಮಗ ನನ್ನ ಮುಖ ನೋಡಿದ. ಅವನಿಗೆ ಆಗ ವರ್ಷ ತುಂಬಿರಲಿಲ್ಲ, ಅವನೇನು ಸಾಕ್ಷಿ ಹೇಳಿಯಾನು? ಅತ್ತೆಯಿಲ್ಲ, ಅವ್ವನಿಲ್ಲ, ಅಣ್ಣನಿಲ್ಲ. ಆ ಹೆಣ್ಣುಮಗಳು ಬೇಡಿದ್ದು ತನ್ನವರು ಎನ್ನುವ ಜನವನ್ನು. ಶಿವ ಕೈತುಂಬ ಕೊಟ್ಟ, ಇಲ್ಲವೆನ್ನಲಾರೆ. ಕಾಯಿ ಒಡೆದು, ಕೊನೆಯ ಗದ್ದುಗೆಗೆ ತಲೆ ಮುಟ್ಟಿಸಿದೆ. ಕಲ್ಲು ಬಿಸಿಲಿಗೆ ಕಾದಿತ್ತು. ಒಳಗೆ ಕೂತವರನ್ನು ಯಾವ ಹೆಸರಿನಿಂದ ಕರೆಯಬೇಕೆಂದು ತಿಳಿಯದೆ ಸುಮ್ಮನೆ ಅತ್ತೆ.

ಸೊಸೆ ನನ್ನ ಹಣೆಗೆ ವಿಭೂತಿ ಹಚ್ಚುತ್ತ ಮೆಲ್ಲಗೆ ಕೇಳಿದಳು, "ನೀವು ಯಾರ ಕಡಿಯೋರ್ರಿ?"

"ಇವರ ಪಕ್ಕದ ಮನೆಯವಳು" ಎಂದೆ.

ಅವಳು ಬೀದಿಯ ಕಡೆ ನೋಡಿದಳು, ಆ ಬದಿಯ ಮನೆ, ಈ ಬದಿಯ ಮನೆ. ಆಮೇಲೆ ನನ್ನನ್ನು ನೋಡಿದಳು. "ಇಲ್ಲಿ ನಿಮ್ಮನ್ನ ಯಾವತ್ತೂ ನೋಡೇ ಇಲ್ಲಲ್ರಿ ಅಮ್ಮ" ಎಂದಳು.