ವ್ಯಾನಣ್ಣನ ಆಕಳಿಕೆ

ಹದಿನೆಂಟು ವರ್ಷದಿಂದ ಶಾಲೆಯ ವ್ಯಾನು ಓಡಿಸುತ್ತಿದ್ದ ವ್ಯಾನಣ್ಣ ಮಕ್ಕಳನ್ನು ಚೀಲದ ಬಣ್ಣದಿಂದಲೇ ಗುರುತು ಹಿಡಿಯುತ್ತಿದ್ದ. ಯಾರಾದರೂ ನೀರಿನ ಬಾಟಲಿ ಮರೆತರೆ ಅರ್ಧ ದಾರಿಯಿಂದ ವಾಪಸು ಬರುವ ಆಸಾಮಿ. ಅಂಥವನು ಸೋಮವಾರ ಹಳದಿ ಚೀಲದ ಪುಟ್ಟಿಯನ್ನು ಹತ್ತಿಸಿಕೊಳ್ಳದೆಯೇ ಹೊರಟಾಗ ಅವಳ ತಾಯಿ ಬೀದಿಗಿಳಿದಳು. ಓಡಿಹೋಗಿ ಕಿಟಕಿ ಬಡಿದಳು. ಗಾಜು ಇಳಿದದ್ದೇ ಪೆಪ್ಪರಮಿಂಟಿನ ಘಾಟು. ಅವನ ರೆಪ್ಪೆ ಅರ್ಧ ಮುಚ್ಚಿತ್ತು, ಮಾತು ತೊದಲುತ್ತಿತ್ತು.

"ಕುಡಿದಿದ್ದಾನೆ ರೀ," ಎಂದಳು ಗಂಡನಿಗೆ, ಪುಟ್ಟಿಯನ್ನು ಮನೆಗೇ ವಾಪಸು ಕರೆತಂದು. "ಇಲ್ಲದಿದ್ರೆ ಬೆಳ್ಳಂಬೆಳಗ್ಗೆ ಪೆಪ್ಪರಮಿಂಟು ಯಾಕೆ?"

"ನೀನು ಪೊಲೀಸಿಗೆ ಸೇರ್ಬೇಕಿತ್ತು ಕಣೇ. ಹೋದ ವರ್ಷ ಹೆಂಡ್ತಿ ತೀರ್ಕೊಂಡಾಗ್ಲೂ ಆ ಮನುಷ್ಯ ಒಂದು ತೊಟ್ಟು ಮುಟ್ಲಿಲ್ಲ."

"ಮುಟ್ಲಿಲ್ಲ ಅಂತ ನೀವು ಬಾಯಿ ಮೂಸಿ ನೋಡಿದ್ರಾ?"

ಮಂಗಳವಾರ ಶಾಲೆಯಲ್ಲಿ ಕೆಲಸವಿದೆಯೆಂದು ನೆಪ ಹೇಳಿ ಅವನ ಪಕ್ಕದ ಸೀಟಿನಲ್ಲಿ ತಾನೇ ಕೂತಳು. ಆಕಳಿಕೆ ಎಣಿಸಿದಳು. ಆರನೆಯದಕ್ಕೆ ವ್ಯಾನು ಮೆಲ್ಲಗೆ ರಸ್ತೆಯಂಚಿಗೆ ವಾಲಿತು.

"ಅಣ್ಣಾ!"

ಗಕ್ಕನೆ ಬ್ರೇಕು ಬಿತ್ತು. ಹಿಂದೆ ಮಕ್ಕಳು, "ಇನ್ನೊಂದ್ಸಲ ಅಣ್ಣಾ, ಇನ್ನೊಂದ್ಸಲ!" ಎಂದು ಕೇಕೆ ಹಾಕಿದರು.

ಅವಳು ಮುಂದಿನ ಖಾನೆ ಎಳೆದು ತಡಕಿದಳು. ಬಾಟಲಿ ಸಿಗಲಿಲ್ಲ, ಚೀಟಿ ಅಂಟಿಸಿದ ಮಾತ್ರೆ ಡಬ್ಬಿ ಸಿಕ್ಕಿತು. ರಾತ್ರಿ ಒಂದು, ಮಂಪರು ಬರಬಹುದು, ವಾಹನ ಓಡಿಸಬೇಡಿ.

"ಮನಸ್ಸಿಗೆ ಕೊಟ್ಟಿದ್ದಮ್ಮ," ಅವನು ತಲೆ ತಗ್ಗಿಸಿದ. "ಅವಳು ಹೋದ್ಮೇಲೆ ನಿದ್ದೇನೇ ಇರ್ಲಿಲ್ಲ. ಇದ್ರಿಂದ ಬಾಯಿ ಒಣಗುತ್ತೆ, ಅದಕ್ಕೇ ಪೆಪ್ಪರಮಿಂಟು. ಎರಡು ದಿನದಿಂದ ರಾತ್ರಿ ಮರೆತು ಬೆಳಿಗ್ಗೆ ಎದ್ದು ನುಂಗ್ದೆ."

"ವ್ಯಾನು ಓಡಿಸ್ತೀನಿ ಅಂತ ಡಾಕ್ಟ್ರಿಗೆ ಹೇಳಿದ್ರಾ?"

ಅವನು ಡಬ್ಬಿಯನ್ನು ವಾಪಸು ತೆಗೆದುಕೊಂಡ. "ಹೇಳಿದ್ರೆ ಬಿಡಿಸ್ಬಿಡ್ತಾರೆ. ಮನೇಲಿ ಒಬ್ನೇ ಕೂತು ಏನ್ ಮಾಡ್ಲಿ? ಇವತ್ತೇ ಎಸೆದ್ಬಿಡ್ತೀನಿ ತಾಯಿ."

"ಎಸೀಬೇಡಿ! ತಟ್ಟಂತ ನಿಲ್ಲಿಸಿದ್ರೂ ಕಷ್ಟ. ಮೊದ್ಲು ಡಾಕ್ಟ್ರಿಗೆ ನಿಜ ಹೇಳಿ. ಕೀಲಿ ಕೊಡಿ ಇಲ್ಲಿ."

ಹದಿನೆಂಟು ವರ್ಷದಲ್ಲಿ ಯಾರಿಗೂ ಕೊಡದ ಕೀಲಿಯನ್ನು ಅವನು ಅವಳ ಅಂಗೈಯಲ್ಲಿಟ್ಟ. ಅವಳು ಮಕ್ಕಳ ಕೈ ಹಿಡಿದು ಶಾಲೆಗೆ ನಡೆಸಿದಳು.

ಮುಂದಿನ ವಾರ ವ್ಯಾನು ಬಂತು. ಓಡಿಸುತ್ತಿದ್ದವನು ಅವನ ಭಾಮೈದ. ಡಾಕ್ಟರು ಸರಿ ಅನ್ನುವವರೆಗೆ ವ್ಯಾನಣ್ಣನಿಗೆ ಪಕ್ಕದ ಸೀಟು, ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸ.

"ಹಳದಿ ಚೀಲ, ಬಾ ಬಾ," ಎಂದು ಕೈ ಚಾಚಿದ.

ಮಗಳನ್ನು ಹತ್ತಿಸಿದವಳು ಭಾಮೈದನ ಕಿಟಕಿಗೂ ಹೋಗಿ ಬಗ್ಗಿದಳು. "ನೀವು ಯಾವ ಮಾತ್ರೆ ತಗೋತೀರಪ್ಪ?"