ಡ್ರಿಲ್ ಮುಂದೆ ಹಳದಿ ಕೈಗವಸು

ತಿರುಗುವ ಡ್ರಿಲ್ ಮುಂದೆ ಕೈಗವಸು ಹಾಕಿಕೊಂಡು ನಿಲ್ಲಬಾರದು. ಬಟ್ಟೆಯ ಒಂದೆಳೆ ಸಿಕ್ಕಿದರೆ ಸಾಕು, ಯಂತ್ರ ಗವಸನ್ನು ಸುತ್ತಿಕೊಳ್ಳುತ್ತದೆ, ಒಳಗಿರುವ ಕೈಯನ್ನೂ ಸೇರಿಸಿಕೊಂಡು. ಇದೇನೂ ಗುಟ್ಟಲ್ಲ. ಕಾರ್ಖಾನೆಯಲ್ಲಿ ನಾಲ್ಕು ದಿನ ಬೆವರು ಸುರಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ನಿಮಗೆ ಗೊತ್ತಿಲ್ಲವೆಂದರೆ, ನೀವು ಇಷ್ಟು ದಿನ ನೋಡಿದ್ದು ಕಾರ್ಖಾನೆಯನ್ನಲ್ಲ, ಕಾರ್ಖಾನೆಯ ಫೋಟೊಗಳನ್ನು.

ಗುಂಡುಸೂಜಿಗೆ ಗೊತ್ತಿತ್ತು. ನೀರಿನ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಅವಳು ಡ್ರಿಲ್ ಆಪರೇಟರ್. ಕಡ್ಡಿಯಂಥ ಮೈ, ಚುಚ್ಚುವ ಮಾತು. ಹೆಸರಿಟ್ಟವರು ಜೊತೆಯ ಕೆಲಸಗಾರರು, ಮೂಗು ಮುರಿಯದೆ ಒಪ್ಪಿಕೊಂಡವಳು ಅವಳು. ಟೈರ್ ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಿಂದ ಬೆಳಿಗ್ಗೆ ನಡೆದು ಬಂದು, ತೋಳು ಮೇಲಕ್ಕೆ ಮಡಚಿ, ಜಡೆಯನ್ನು ಟೋಪಿಯೊಳಗೆ ತುರುಕಿ, ಮದುವೆಯ ಉಂಗುರ ಬಿಚ್ಚಿ ಊಟದ ಡಬ್ಬಿಗೆ ಹಾಕುವಳು. "ಗಂಡನ್ನ ಡಬ್ಬಿಯಲ್ಲಿ ಮುಚ್ಚಿಟ್ಟೇ ನಾನು ಮಷೀನ್ ಮುಟ್ಟೋದು" ಎನ್ನುವಳು.

ದೂರದ ದೊಡ್ಡ ಗಿರಾಕಿಯೊಬ್ಬನನ್ನು ಒಲಿಸಿಕೊಳ್ಳಲು ಕಂಪನಿ ಫೋಟೊಗ್ರಾಫರನನ್ನು ಕರೆಸಿತು. ಕೊಡೆಯಂಥ ದೀಪಗಳು ಬಂದವು. ಕ್ಯಾಮೆರಾಕ್ಕೆ ಕಾಣುವಷ್ಟು ಗೋಡೆಗೆ ಮಾತ್ರ ಬಣ್ಣ ಬಿತ್ತು. ಕಾಣದ ಮೂಲೆಗೆ ಎಣ್ಣೆಯ ಡ್ರಮ್ಮು, ಹರಿದ ಮೂಟೆ, ಮುರಿದ ಫ್ಯಾನು ಎಲ್ಲವನ್ನೂ ಒತ್ತಿದರು. ನಗು ಚೆನ್ನಾಗಿದೆಯೆಂದು ಗುಂಡುಸೂಜಿಯನ್ನು ಆರಿಸಿದರು.

"ಅಕ್ಕಾ, ಬರಿಗೈ ಚೆನ್ನಾಗಿ ಕಾಣ್ತಿಲ್ಲ, ಎಣ್ಣೆ ಬೇರೆ ಮೆತ್ಕೊಂಡಿದೆ. ಈ ಹಳದಿ ಗ್ಲೌಸ್ ಹಾಕ್ಕೊಳ್ಳಿ" ಎಂದ ಫೋಟೊಗ್ರಾಫರ್.

"ಡ್ರಿಲ್ ಮುಂದೆ ಗ್ಲೌಸಾ? ನನ್ನ ಕೈ ನಿಮಗೇನು ಅನ್ಯಾಯ ಮಾಡಿದೆ ಸಾರ್?"

ಸೂಪರ್‌ವೈಸರ್ ನಕ್ಕ. "ಮಷೀನ್ ಆಫ್ ಇದೆ ಕಣಮ್ಮ. ಫೋಟೊಗೆ ತಾನೆ? ಹಾಕ್ಕೊಂಡು ಸ್ವಲ್ಪ ಹಲ್ಲು ಬಿಡು."

"ಆಫ್ ಇರೋದು ಫೋಟೊದಲ್ಲಿ ಕಾಣುತ್ತಾ?"

"ಮೊದಲು ನಿನ್ನ ನಾಲಿಗೆಗೊಂದು ಗ್ಲೌಸ್ ಹುಡುಕಬೇಕು ನೋಡು!"

ಎಲ್ಲರೂ ನಕ್ಕರು. ಅವಳಿಗೂ ನಗು ತಡೆಯಲಾಗಲಿಲ್ಲ, ನಗುತ್ತಲೇ ಗವಸು ತೊಟ್ಟು ನಿಂತಳು. ಕ್ಯಾಮೆರಾ ಆ ನಗುವನ್ನೇ ಹಿಡಿಯಿತು. ಆಮೇಲೆ, ಸುಮ್ಮನೆ ನಿಂತಿದ್ದ ಡ್ರಿಲ್ಲನ್ನು ಕಂಪ್ಯೂಟರಿನಲ್ಲಿ ಗಿರ್ರನೆ ತಿರುಗುವಂತೆ ಮಾಡಿದರು. ಕೆಳಗೆ "ಸುರಕ್ಷತೆಯೇ ನಮ್ಮ ಉಸಿರು" ಎಂದು ಬರೆಸಿ, ಆಳೆತ್ತರದ ಪೋಸ್ಟರ್ ಮಾಡಿ, ಡ್ರಿಲ್ ವಿಭಾಗದ ಗೋಡೆಗೇ ಅಂಟಿಸಿದರು. ಅದನ್ನು ತೆಗೆಸಿ ಎಂದು ಅವಳು ಸೂಪರ್‌ವೈಸರಿಗೆ ಮತ್ತೆ ಮತ್ತೆ ಹೇಳಿದಳು. "ಸಾಹೇಬ್ರಿಗೆ ಇಷ್ಟ ಆಗಿದೆ, ನಿನಗ್ಯಾಕೆ ಹೊಟ್ಟೆಯುರಿ? ನಿನ್ನ ಮುಖಾನೇ ಅಲ್ವಾ?" ಎಂದುಬಿಟ್ಟ.

ಆ ವರ್ಷವೇ ಅವಳ ನಾದಿನಿ, ಗಂಡನ ತಂಗಿ, ಅದೇ ಕಾರ್ಖಾನೆಗೆ ಸೇರಿದಳು. ಸೇರಿದ್ದು ಪ್ಯಾಕಿಂಗಿಗೆ. ರಟ್ಟಿನ ಪೆಟ್ಟಿಗೆ ಕಟ್ಟುವವಳಿಗೆ ಡ್ರಿಲ್ಲಿನ ಪಾಠ ಯಾರು ಹೇಳುತ್ತಾರೆ? ಅತ್ತಿಗೆ ರಜೆಯಲ್ಲಿದ್ದ ಒಂದು ಮಧ್ಯಾಹ್ನ ಕೈ ಸಾಲದೆಂದು ಸೂಪರ್‌ವೈಸರ್ ನಾದಿನಿಯನ್ನು ಎಬ್ಬಿಸಿ ತಂದು ಅತ್ತಿಗೆಯ ಡ್ರಿಲ್ಲಿನ ಮುಂದೆಯೇ ನಿಲ್ಲಿಸಿದ. ಕಬ್ಬಿಣದ ಚೂರು ಸಿಡಿದು ಬೆರಳಿಗೆ ಚುಚ್ಚಿತು. ಅವಳು ತಲೆಯೆತ್ತಿದಳು. ಗೋಡೆಯ ಮೇಲೆ ಅತ್ತಿಗೆ ನಗುತ್ತಿದ್ದಳು, ಹಳದಿ ಗವಸು ತೊಟ್ಟು. ಇವಳು ಪ್ಯಾಕಿಂಗಿನ ಗವಸು ತಂದು ಹಾಕಿಕೊಂಡಳು.

ಬಲಗೈಯ ಎರಡು ಬೆರಳು ಹೋದವು.

ಆಸ್ಪತ್ರೆಯಲ್ಲಿ ಕಣ್ಣುಬಿಟ್ಟವಳು ಕೇಳಿದ್ದು ಒಂದೇ ಮಾತು: "ನೀವೂ ಹಾಕ್ಕೊಂಡಿದ್ರಲ್ಲ ಅತ್ತಿಗೆ?"



ಈಗ ಕಂಪನಿ ಹೇಳುವುದನ್ನು ಕೇಳಿ. ಡ್ರಿಲ್ ಮುಂದೆ ಗವಸು ಹಾಕುವುದು ನಿಯಮಕ್ಕೆ ವಿರುದ್ಧ, ತಪ್ಪು ಕೆಲಸಗಾರ್ತಿಯದು, ಆದ್ದರಿಂದ ವಜಾ. ಹೌದಂತೆ, ನಿಯಮ ಇದೆಯಂತೆ! ಬೆರಳು ಕತ್ತರಿಸಿ ಹೋದ ಮೇಲೆ ಅವರಿಗೆ ನಿಯಮ ನೆನಪಾಯಿತು. ಪೋಸ್ಟರ್ ರಾತ್ರೋರಾತ್ರಿ ಮಾಯ. ಕಾರ್ಮಿಕ ಇಲಾಖೆಯ ವಿಚಾರಣೆಯಲ್ಲಿ ಗುಂಡುಸೂಜಿ ಅದರ ಮಾತೆತ್ತಿದಾಗ ಮ್ಯಾನೇಜರ್ "ಅಂಥದ್ದು ಯಾವತ್ತೂ ಇರಲಿಲ್ಲವಲ್ಲ" ಎಂದ. ಪಕ್ಕದಲ್ಲಿದ್ದ ಸೂಪರ್‌ವೈಸರ್ ಸೂರು ನೋಡುತ್ತ ಕುಳಿತ. ಜೊತೆಯವರು ತುಟಿ ಹೊಲಿದುಕೊಂಡರು. ಅವರಿಗೂ ಹೊಟ್ಟೆಯಿದೆ, ಅವರನ್ನು ನಾನು ಬೈಯಲಾರೆ.

ಅವಳು ಫೋಟೊಗ್ರಾಫರನಿಗೆ ಫೋನ್ ಮಾಡಿದಳು.

"ಅಕ್ಕಾ, ಆ ಫೋಟೊ ಈಗ ಕಂಪನೀದು. ನಾನು ಕೊಟ್ರೆ ನಾಳೆಯಿಂದ ಯಾವ ಕಾರ್ಖಾನೇನೂ ನನ್ನ ಒಳಗೆ ಬಿಡಲ್ಲ."

"ನನ್ನ ಮುಖ ನನಗೆ ಕೊಡೋಕೆ ಅವರ ಅಪ್ಪಣೆ ಬೇಕಾ ಸಾರ್?"

ಅವನು ಫೋನ್ ಇಟ್ಟ.

ಫೋಟೊ ತೆಗೆಯುವುದು ಪಾಪವೆಂದು ನಾನು ಹೇಳುತ್ತಿಲ್ಲ. ಬೂದಿ ಬಣ್ಣದ ಶೆಡ್ಡಿನೊಳಗೆ ಬೆಳಕು ಕೂರಿಸಿ, ಕೆಲಸ ಮಾಡುವ ಕೈಗೆ ಒಂದು ಘನತೆ ತರುವುದು ದೊಡ್ಡ ವಿದ್ಯೆ. ಆದರೆ ಕಾರ್ಖಾನೆಯ ಗೋಡೆಗೆ ಹತ್ತಿದ ಮೇಲೆ ಚಿತ್ರ ಬರೀ ಅಲಂಕಾರವಾಗಿ ಉಳಿಯುವುದಿಲ್ಲ, ಅಪ್ಪಣೆಯಾಗುತ್ತದೆ. ಹೊಸಬರು ಅದನ್ನು ನೋಡಿ ಕೆಲಸ ಕಲಿಯುತ್ತಾರೆ. ಗಿರಾಕಿಯ ಕಣ್ಣಿಗೆ ಚೆಂದ ಕಂಡರಾಯಿತು ಎಂದು ಸುಳ್ಳು ಗವಸು ತೊಡಿಸಿದವರು, ತೊಡಿಸಿ ನಕ್ಕವರು, ತಿರುಗದ ಡ್ರಿಲ್ಲನ್ನು ತಿರುಗಿಸಿದವರು, ಎಲ್ಲರೂ ಆ ಕೈಯನ್ನು ಯಂತ್ರದೊಳಗೆ ಒಂದಿಷ್ಟಿಷ್ಟೇ ತಳ್ಳಿದ್ದಾರೆ. ಶಿಕ್ಷೆ ಮಾತ್ರ ಆ ಕೈಗೆ!

ಪೋಸ್ಟರ್ ಮಾಯ ಮಾಡಿದವರಿಗೆ ಒಂದು ಕೆಲಸ ಮರೆತುಹೋಗಿದೆ. ಅದೇ ಫೋಟೊವನ್ನು ಕಂಪನಿ ಗೋಡೆ ಕ್ಯಾಲೆಂಡರಿಗೂ ಹಾಕಿ ಪಂಪಿನ ಅಂಗಡಿ, ಗ್ಯಾರೇಜು, ಹಾರ್ಡ್‌ವೇರ್ ಅಂಗಡಿಗಳಿಗೆಲ್ಲ ಹಂಚಿತ್ತು. ಗುಂಡುಸೂಜಿ ಒಂದೊಂದೇ ಅಂಗಡಿ ಹತ್ತಿ ಇಳಿಯುತ್ತಿದ್ದಾಳೆ. ಹಳೆಯದಾಯಿತೆಂದು ಹರಿದು ಹಾಕಿದವರೇ ಹೆಚ್ಚು. ಮುಂದಿನ ವಿಚಾರಣೆ ಈ ಸೋಮವಾರ. ಅಲ್ಲಿ ತೋರಿಸಲು ಹಾಳೆ ಸಿಗದಿದ್ದರೆ ತಪ್ಪು ನಾದಿನಿಯದೇ ಎಂದು ಮುದ್ರೆ ಬೀಳುತ್ತದೆ.

ಓದುತ್ತಿರುವವರೇ, ಅಯ್ಯೋ ಪಾಪ ಅನ್ನಬೇಡಿ, ಎದ್ದು ಹುಡುಕಿ. ನಿಮ್ಮ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆ, ಅಟ್ಟದ ರದ್ದಿ, ಪುಸ್ತಕಕ್ಕೆ ಹಾಕಿದ ರಟ್ಟು, ಎಲ್ಲ ನೋಡಿ. ಹಳದಿ ಗವಸು ತೊಟ್ಟು ಡ್ರಿಲ್ ಮುಂದೆ ನಗುವ ಹೆಂಗಸಿನ ಹಾಳೆ ಸಿಕ್ಕರೆ, ಹರಿದಿರಲಿ, ಮಸಿ ಹತ್ತಿರಲಿ, ಸೋಮವಾರದೊಳಗೆ ಈ ಪತ್ರಿಕೆಯ ಕಚೇರಿಗೆ ತಂದುಕೊಡಿ.