ಖಾಸಿಂ ನಗಲಿಲ್ಲ

ತಂಗಿ ಅಮೀನಾ, ನಿನ್ನ ಅಣ್ಣ ಖಾಸಿಂ ಸಾಯುವ ಮುಂಚೆ ನನ್ನನ್ನು ನೋಡಿ ನಕ್ಕನೆಂದು ನಾನು ಹೇಳಿದ್ದು ಸುಳ್ಳು. ನಾನು ಅವನನ್ನು ಜೀವಂತವಾಗಿ ನೋಡಲೇ ಇಲ್ಲ. ನಿನ್ನ ಅಪ್ಪ ಅವನಲ್ಲಿ ಉಸಿರಿದ್ದಾಗ ಮುಖ ನೋಡದೆ ಹೋದದ್ದೂ ನನ್ನಿಂದಲೇ.

ಬರೆದುಬಿಟ್ಟೆ. ಮೂವತ್ತು ವರ್ಷ ಗಂಟಲಲ್ಲೇ ಇದ್ದ ಮಾತು ಮೂರು ಸಾಲಿನಲ್ಲಿ ಮುಗಿಯಿತು. ಆದರೆ ನಿನಗೆ ಪೂರ್ತಿ ತಿಳಿಯಬೇಕು. ಆಗ ನೀನು ಆರೇಳು ವರ್ಷದವಳು. ನಿನಗೆ ಗೊತ್ತಿರುವುದು ನಿನ್ನ ಅಪ್ಪ ಹೇಳಿದಷ್ಟು, ನಿನ್ನ ಅಪ್ಪನಿಗೆ ಗೊತ್ತಿದ್ದದ್ದು ನಾನು ಹೇಳಿದಷ್ಟು.

ದೊಡ್ಡ ಯುದ್ಧ ಮುಗಿದ ಮರುವರ್ಷದ ಮಾತು. ನಾನು ಮಾನ್ವಿಯ ಪೂಜೆಯ ಮನೆತನದವನಾದರೂ ನಾಲ್ಕಕ್ಷರ ಇಂಗ್ಲಿಷ್ ಕಲಿತು ರಾಯಚೂರಿನ ಒಂದು ಶೇಂಗಾ ಎಣ್ಣೆ ಗಿರಣಿಯಲ್ಲಿ ಕೆಲಸಕ್ಕಿದ್ದೆ. ಹೊಸ ಯಂತ್ರ ತರಿಸಲು ದಿಲ್ಲಿಯಿಂದ ಪರ್ಮಿಟ್ಟು ಬೇಕಿತ್ತು. ಕಾಗದ ಬರೆದರೆ ಉತ್ತರವಿಲ್ಲ, ಯಾರಾದರೂ ಹೋಗಿ ಎದುರು ನಿಲ್ಲಬೇಕು. ಸಾಹುಕಾರರು ನನ್ನನ್ನು ಕಳಿಸಿದರು — ಅದೂ ಹೈದರಾಬಾದಿನಿಂದ ವಿಮಾನದಲ್ಲಿ. ದೊಡ್ಡ ಗಿರಣಿಯ ಮನುಷ್ಯ ರೈಲಿನ ಮಸಿ ಮೆತ್ತಿಕೊಂಡು ಹೋಗಿ ನಿಂತರೆ ದಿಲ್ಲಿಯ ಸಾಹೇಬರು ಕುರ್ಚಿ ಕೊಡುವುದಿಲ್ಲ ಎಂಬುದು ಅವರ ಲೆಕ್ಕ.

ಅಮೀನಾ, ಆ ವಿಮಾನದ ಸುಖವನ್ನು ನಿನಗೆ ಹೇಳಲೇಬೇಕು. ಹೇಳದಿದ್ದರೆ ನಾನು ಯಾವುದರ ಆಸೆಗೆ ಬಿದ್ದೆನೆಂದು ನಿನಗೆ ತಿಳಿಯದು. ಊರೊಳಗಿನ ಕಚೇರಿಯಿಂದ ವಿಮಾನದ ಮೈದಾನಕ್ಕೆ ಅವರದೇ ಮೋಟಾರು. ಸಾಮಾನು ನಾವು ಮುಟ್ಟುವಂತಿಲ್ಲ. ನಮ್ಮನ್ನೂ ತಕ್ಕಡಿಯ ಮೇಲೆ ನಿಲ್ಲಿಸಿ ತೂಗುತ್ತಿದ್ದರು. ಅದರಲ್ಲೂ ಒಂದು ಗೌರವ ಕಾಣುತ್ತಿತ್ತು ನನಗೆ. ಒಳಗೆ ಮೆತ್ತನೆಯ ಕುರ್ಚಿ, ಹಿಂದಕ್ಕೆ ಒರಗಿದರೆ ತಾನೂ ಒರಗುವಂಥದು. ಕಿವಿಗೆ ಹತ್ತಿ, ಬಾಯಿಗೆ ಪೆಪ್ಪರ್‌ಮಿಂಟು, ಮೊಣಕಾಲಿಗೆ ಉಣ್ಣೆಯ ಹೊದಿಕೆ. ಪಿಂಗಾಣಿ ಬಟ್ಟಲಲ್ಲಿ ಕಾಫಿ ತಂದುಕೊಟ್ಟ ಹೆಣ್ಣುಮಗಳು ನನ್ನನ್ನು ‘ಸರ್’ ಎಂದಳು. ಅಲ್ಲಿಯವರೆಗೆ ನನ್ನನ್ನು ಹಾಗೆ ಕರೆದವರಿಲ್ಲ. ಮೊದಲ ಸಲ ಹೋದಾಗ ಮಡಿ ಎಂದು ಅವಲಕ್ಕಿ ಕಟ್ಟಿಕೊಂಡು ಹೋಗಿದ್ದೆ. ಎರಡನೆಯ ಸಲ ಅವರು ಕೊಟ್ಟ ಬ್ರೆಡ್ಡು, ಬೆಣ್ಣೆ, ಹಣ್ಣು ತಿಂದೆ. ದಿಲ್ಲಿಯಲ್ಲಿ ಇಳಿದರೆ ಸ್ಪ್ರಿಂಗಿನ ಮಂಚದ ಹೋಟೆಲು, ನಲ್ಲಿ ತಿರುಗಿಸಿದರೆ ಬಿಸಿನೀರು.

ಮೂರನೆಯ ಸಲ ಹೊರಟಾಗ ಪರ್ಮಿಟ್ಟಿನ ಭೇಟಿಗೆ ಇನ್ನೂ ನಾಲ್ಕು ದಿನವಿತ್ತು. ಎರಡು ದಿನ ಬಿಟ್ಟು ಇನ್ನೊಂದು ವಿಮಾನವಿತ್ತು, ಅದರಲ್ಲಿ ಹೋದರೂ ಸಾಕಿತ್ತು. ಆ ಹೋಟೆಲಿನಲ್ಲಿ ಎರಡು ದಿನ ಹೆಚ್ಚಿಗೆ ಮಲಗಬಹುದೆಂದು ಸಾಹುಕಾರರಿಗೆ ಏನೋ ನೆಪ ಹೇಳಿ ಮುಂಚೆಯೇ ಹೊರಟೆ.

ಹೈದರಾಬಾದಿನ ಮೈದಾನದ ಕಾಯುವ ಕೋಣೆಯಲ್ಲಿ ಬೆತ್ತದ ಕುರ್ಚಿಯ ಮೇಲೆ ಕೂತಿದ್ದೆ. ಬೆಳಗಿನ ಎಂಟು ಗಂಟೆಯಿರಬಹುದು. ಬಾಗಿಲಲ್ಲಿ ಗುಮಾಸ್ತನ ಮುಂದೆ ಧೂಳು ಮೆತ್ತಿದ ಶೇರವಾನಿಯ ಒಬ್ಬರು ಕೈಮುಗಿದು ನಿಂತಿದ್ದರು. ಗುಮಾಸ್ತ ತಲೆ ಅಲ್ಲಾಡಿಸಿದ, ಆಮೇಲೆ ನನ್ನತ್ತ ಬೆರಳು ತೋರಿಸಿದ. ಅವರು ತಿರುಗಿದರು — ನಿನ್ನ ಅಪ್ಪ. ದೇವದುರ್ಗದ ಮೆಣಸಿನಕಾಯಿ ವ್ಯಾಪಾರಿ ಮಹಬೂಬ್ ಸಾಹೇಬರು. ರಾಯಚೂರಿನ ಮಾರುಕಟ್ಟೆಯಲ್ಲಿ ಎಷ್ಟೋ ಸಲ ನೋಡಿದ ಮುಖ. ನನ್ನ ಗುರುತು ಹತ್ತಿದ ಕೂಡಲೇ ಆ ಮುಖ ಅರಳಿತಲ್ಲ — ಅದನ್ನು ಮರೆಯಲು ಎಷ್ಟು ಪ್ರಯತ್ನಪಟ್ಟೆನೋ.

“ರಾಯರ, ನಿಮ್ಮನ್ನ ನೋಡಿ ಜೀವ ಬಂತ್ರೀ,” ಎಂದರು. “ನಮ್ ಖಾಸಿಂ ದಿಲ್ಲಿ ಫೌಜಿನ ದವಾಖಾನಿಯಾಗ ಅದಾನ. ಲಾರಿ ಮಗುಚಿ ಎದಿಗೆ ಪೆಟ್ಟು ಬಿದ್ದದಂತ. ಜಲ್ದಿ ಬರ್ರಿ ಅಂತ ತಾರು ಬಂದದ. ನಿಮ್ಮ ಜಾಗಾ ನನಗ ಬಿಟ್ಟುಕೊಡ್ರಿ.”

ಉಳಿದವರೆಲ್ಲ ಸರಕಾರದ ಚೀಟಿ ಇದ್ದ ಅಧಿಕಾರಿಗಳು, ಅವರನ್ನು ಇಳಿಸುವಂತಿರಲಿಲ್ಲ. ವ್ಯಾಪಾರದ ಕೆಲಸಕ್ಕೆ ಹೊರಟವನು ನಾನೊಬ್ಬನೇ. ರೈಲಿನಲ್ಲಾದರೆ ಎರಡು ಹಗಲು ಎರಡು ರಾತ್ರಿ. ವಿಮಾನದಲ್ಲಾದರೆ ಸಂಜೆಗೆ ದಿಲ್ಲಿ.

ಹೂಂ ಎನ್ನಲು ಬಾಯಿ ತೆರೆದೆ. ನಿಜವಾಗಿ ತೆರೆದೆ, ಅಮೀನಾ. ಅಷ್ಟರಲ್ಲಿ ಆ ಮೆತ್ತನೆಯ ಕುರ್ಚಿ, ಬಿಸಿನೀರು, ‘ಸರ್’ ಎಂಬ ಆ ಕರೆ — ಬಾಯಿಂದ ಹೊರಬಿದ್ದದ್ದು ಬೇರೆಯೇ.

“ನಮ್ಮವ್ವ ಬದರಿ ಯಾತ್ರಾಕ ಹೋದಾಕಿ ದಿಲ್ಲಿಯಾಗ ಮಲಗ್ಯಾಳ ಸಾಹೇಬ್ರ. ಇವತ್ತೋ ನಾಳಿಗೋ ಅನ್ನಂಗ ಅದ.”

ನನ್ನ ತಾಯಿ ಆ ಹೊತ್ತಿಗೆ ಮಾನ್ವಿಯ ಮನೆಯಲ್ಲಿ ತುಳಸಿಗೆ ನೀರು ಹಾಕುತ್ತಿದ್ದಿರಬೇಕು. ಬದರಿಯನ್ನು ಆಕೆ ಪಟದಲ್ಲೂ ನೋಡಿದವಳಲ್ಲ. ಆ ಮಾತು ನನ್ನೊಳಗೆ ಎಲ್ಲಿತ್ತು, ಅಷ್ಟು ಸಲೀಸಾಗಿ ಹೇಗೆ ಬಂತು, ಇವತ್ತಿಗೂ ತಿಳಿಯದು.

ನಿನ್ನ ಅಪ್ಪ ನನ್ನ ತೋಳಿನ ಮೇಲಿದ್ದ ಕೈ ತೆಗೆದರು.

“ಹಂಗಾದ್ರ ನೀವೇ ಹೋಗ್ರಿ,” ಎಂದರು. “ತಾಯಿ ಒಬ್ಬಾಕಿನ ಇರ್ತಾಳ. ನಾ ದುವಾ ಮಾಡ್ತೀನಿ.”

ಆಮೇಲೆ ಒಂದು ಚೀಟಿ ಕೊಟ್ಟರು. ಖಾಸಿಮನ ಹೆಸರು, ದವಾಖಾನೆಯ ವಿಳಾಸ, ವಾರ್ಡಿನ ನಂಬರು. ತಾಯಿಯ ಆರೈಕೆಯಲ್ಲಿ ಒಂದು ಗಳಿಗೆ ಬಿಡುವಾದರೆ ಹೋಗಿ, ಅಬ್ಬಾ ರೈಲಿನಲ್ಲಿ ಬರುತ್ತಿದ್ದಾರೆ ಎಂದು ಹೇಳಬೇಕೆಂದು ಬೇಡಿಕೊಂಡರು. ಹೋಗುತ್ತೇನೆಂದು ಮಾತು ಕೊಟ್ಟೆ. ಅವರು ಹೋಗಿ ಆ ಗುಮಾಸ್ತನಿಗೆ ರಾಯರ ಜಾಗ ಕೇಳಬೇಡಿರೆಂದು ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ವಿಮಾನದಲ್ಲಿ ಕಾಫಿ ಕುಡಿದೆ. ನಿದ್ದೆಯೂ ಬಂತು.

ಸಂಜೆಗೆ ದಿಲ್ಲಿ ಮುಟ್ಟಿದೆ. ಆವತ್ತು ಹೋಗಲಿಲ್ಲ — ದಣಿವು ಎಂದುಕೊಂಡೆ. ಮರುದಿನ ಇಡೀ ಹಗಲು ಖಾಲಿಯಿದ್ದೆ. ಬಿಸಿನೀರಿನಲ್ಲಿ ಮೈ ನೆನೆಸಿ ಕೂತೆ, ಬಜಾರು ತಿರುಗಿದೆ, ಚಹಾ ತಂದ ಆಳಿಗೆ ಹುಕುಂ ಮಾಡಿದೆ. ಚೀಟಿ ಕೋಟಿನ ಕಿಸೆಯಲ್ಲಿತ್ತು. ತಾಯಿ ಸಾಯುತ್ತಿದ್ದಾಳೆಂದು ಹೇಳಿದವನು ಆ ಹುಡುಗನ ಎದುರು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂಬ ಅಳುಕೂ ಇತ್ತು. ಆದರೆ ಅಳುಕಿಗಿಂತ ಸೋಮಾರಿತನವೇ ಹೆಚ್ಚಿತ್ತು.

ಮೂರನೆಯ ದಿನ ಹತ್ತು ಗಂಟೆಯ ಸುಮಾರಿಗೆ ಹೋದೆ. ಉದ್ದನೆಯ ವಾರ್ಡು. ಚೀಟಿ ತೋರಿಸಿದಾಗ ನರ್ಸಮ್ಮ ಒಂದು ಮಂಚದ ಹತ್ತಿರ ಕರೆದೊಯ್ದಳು. ಹಾಸಿಗೆಯನ್ನು ಮಡಚಿಟ್ಟಿದ್ದರು. ಬೆಳಿಗ್ಗೆ ಆರಕ್ಕೆ ಹೋದನೆಂದಳು. ಹಿಂದಿನ ದಿನವೆಲ್ಲ ಎಚ್ಚರವಿತ್ತಂತೆ, ಚೆನ್ನಾಗಿ ಮಾತಾಡುತ್ತಿದ್ದನಂತೆ. ಬಾಗಿಲಲ್ಲಿ ಯಾರು ಬಂದರೂ ತಲೆಯೆತ್ತಿ, ಅಬ್ಬಾ ಬಂದರಾ ಎಂದು ಕೇಳುತ್ತಿದ್ದನಂತೆ. ನೀವು ಅವನಿಗೆ ಏನಾಗಬೇಕು ಎಂದು ಕೇಳಿದಳು. ಏನೂ ಇಲ್ಲ, ಒಂದೇ ಸೀಮೆಯವರು ಎಂದೆ.

ಹಿಂದಿನ ದಿನವೆಲ್ಲ! ನಾನು ಬಜಾರಿನಲ್ಲಿ ಅಡ್ಡಾಡುತ್ತಿದ್ದ ಆ ದಿನವೆಲ್ಲ. ನನ್ನ ಕುರ್ಚಿಯಲ್ಲಿ ನಿನ್ನ ಅಪ್ಪ ಕೂತಿದ್ದರೆ ಅಪ್ಪ ಮಗ ಇಡೀ ಒಂದು ಹಗಲು ಜೊತೆಗಿರುತ್ತಿದ್ದರು. ನಿನ್ನ ಅಪ್ಪನ ರೈಲು ಆವತ್ತೇ ಸಂಜೆ ಬರುವುದಿತ್ತು. ಸ್ಟೇಷನ್ನಿಗೆ ಹೋಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ನಾಲ್ಕು ತಿಂಗಳ ಮೇಲೆ ಒಂದು ದಿನ ಅವರು ಮಾನ್ವಿಗೆ ಬಂದರು, ನಮ್ಮ ಮನೆ ಕೇಳಿಕೊಂಡು. ನಾನು ಹಬ್ಬಕ್ಕೆಂದು ಊರಿಗೆ ಹೋಗಿದ್ದೆ. ಬಾಗಿಲು ತೆಗೆದವಳು ಅವ್ವ. ನಡುಮನೆಯಿಂದ ಅವರ ದನಿ ಕೇಳಿ ನಾನು ಎದ್ದು ಬರುವಷ್ಟರಲ್ಲಿ ಅವರು ಕಟ್ಟೆಯ ಮೇಲೆ ಕೂತು, ಕಲ್ಲುಸಕ್ಕರೆಯ ಪೊಟ್ಟಣ ಮುಂದಿಟ್ಟು, ಆಕೆಯನ್ನು ಕೇಳುತ್ತಿದ್ದರು:

“ಯವ್ವಾ, ದಿಲ್ಲಿಯಾಗ ಜಡ್ಡು ಬಿದ್ದಿದ್ರಂತ, ಈಗ ಆರಾಮ ಅದೀರಿಲ್ಲ? ರಾಯರು ಹೇಳಿದಾಗಿಂದ ದುವಾ ಮಾಡಾಕತ್ತಿದ್ದೆ.”

ಅವ್ವ ಅವರನ್ನು ನೋಡಿದಳು. ಹಿಂದೆ ನಿಂತಿದ್ದ ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ, “ದೇವರು ದೊಡ್ಡಾಂವ ಯಪ್ಪಾ, ಆರಾಮ ಅದೀನಿ,” ಎಂದಳು.

ನನ್ನ ಅವ್ವ ಸುಳ್ಳು ಹೇಳಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ನಿನ್ನ ಅಪ್ಪ ನನ್ನತ್ತ ತಿರುಗಿದರು. ತಾವು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತೆಂದು, ಮಣ್ಣು ಮಾಡಿ ಬಂದೆನೆಂದು ಹೇಳಿದರು. ವಾರ್ಡಿನಲ್ಲಿ ಯಾರನ್ನು ಕೇಳಿದರೂ ಸರಿಯಾಗಿ ಹೇಳುವವರಿರಲಿಲ್ಲವಂತೆ. ಕೊನೆಗೆ, ತೀರ ಅಂಜುತ್ತ ಕೇಳಿದರು — ನಾನು ಹೋಗಿದ್ದೆನೇ ಎಂದು.

ಆಗಲಾದರೂ ಹೇಳಬಹುದಿತ್ತು. ಕಟ್ಟೆಯಿತ್ತು, ಅವ್ವ ಇದ್ದಳು, ಅವರ ಕಾಲು ಅಲ್ಲೇ ಇತ್ತು.

“ಹೋಗಿದ್ದೆ ಸಾಹೇಬ್ರ,” ಎಂದೆ. “ಅಬ್ಬಾ ಬರಾಕತ್ತಾರ ಅಂತ ಹೇಳ್ದೆ. ನಕ್ಕ.”

“ನಕ್ಕನೇನ್ರೀ?”

“ನಕ್ಕ.”

ಅವರು ತಲೆಗೆ ಸುತ್ತಿದ ಪಟಗದ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತರು. ಅತ್ತಮೇಲೆ ಹಗುರಾದರು. ಹೋಗುವಾಗ ನನ್ನ ಎರಡೂ ಕೈಗಳನ್ನು ಕಣ್ಣಿಗೊತ್ತಿಕೊಂಡರು. ನನ್ನ ಕೈಗಳನ್ನು, ಅಮೀನಾ.

ಅವರು ಓಣಿ ದಾಟಿದ ಮೇಲೆ ಅವ್ವ ನನ್ನಿಂದ ಒಂದೊಂದೇ ಮಾತು ಕೇಳಿ ಎಲ್ಲವನ್ನೂ ತೆಗೆಸಿದಳು. ಕೇಳಿದ ಮೇಲೆ ಹೇಳಿದಳು: “ನನ್ನ ಸಾಯಿಸಿದ್ದಕ್ಕ ನಾ ಏನೂ ಅನ್ನಂಗಿಲ್ಲ. ಆ ಹುಡುಗನ ನಗಿ ಎಲ್ಲಿಂದ ತಂದಿ ನೀನು?”

ಆಕೆ ಇರುವವರೆಗೆ ವರ್ಷಕ್ಕೊಮ್ಮೆಯಾದರೂ ದೇವದುರ್ಗಕ್ಕೆ ಹೋಗಿ ನಿಜ ಹೇಳಿ ಬಾ ಎನ್ನುತ್ತಿದ್ದಳು. ಹೋದೆ, ಆದರೆ ಹೇಳಲು ಹೋಗಲಿಲ್ಲ. ನಿನ್ನ ಅಪ್ಪ ಕರೆದಾಗ ಮರ್ಯಾದೆ ಮಾಡಿಸಿಕೊಳ್ಳಲು ಹೋದೆ. ನಿನ್ನ ನಿಕಾಹದಲ್ಲಿ ನನ್ನನ್ನು ಬೀಗರ ಪಕ್ಕದಲ್ಲಿ ಕೂಡಿಸಿ, ಖಾಸಿಮನನ್ನು ಕಡೆಗೆ ನೋಡಿದವರು ಇವರೇ ಎಂದು ಎಲ್ಲರಿಗೂ ತೋರಿಸಿದರು. ತಲೆತಗ್ಗಿಸಿ ಕೂತೆ, ಜನ ಅದನ್ನು ವಿನಯ ಎಂದುಕೊಂಡರು. ವಿಮಾನ ಹತ್ತುವುದನ್ನು ಬಿಟ್ಟೆ ಎಂದು ಬರೆಯಲು ಆಸೆಯಾಗುತ್ತದೆ. ಬಿಡಲಿಲ್ಲ. ಆ ಮೇಲೂ ಎಷ್ಟೋ ಸಲ ಹತ್ತಿದೆ, ಒರಗಿದೆ, ಕಾಫಿ ಕುಡಿದೆ.

ಮೊನ್ನೆ ನಿನ್ನ ಅಪ್ಪನ ನಲವತ್ತನೆಯ ದಿನಕ್ಕೆ ನಿಮ್ಮ ಮನೆಗೆ ಬಂದಾಗ ನಿನ್ನ ಮಗಳು ನನ್ನ ಪಕ್ಕ ಕೂತು, ಖಾಸಿಂ ಮಾಮೂ ನಕ್ಕದ್ದನ್ನು ಹೇಳಿರಿ ಎಂದಳು. ಸಾಹೇಬರೇ ಇಲ್ಲ, ಇನ್ನು ಯಾರ ಸಮಾಧಾನಕ್ಕೆ ಈ ಸುಳ್ಳು? ನಿಜ ಹೇಳೋಣವೆಂದೇ ಬಾಯಿ ತೆರೆದೆ. ನಕ್ಕ, ಎಂದೆ. ನಕ್ಕು ನನ್ನ ಕೈ ಹಿಡಿದುಕೊಂಡ, ಎಂದೆ. ಕೈ ಹಿಡಿದ ಮಾತು ಹಿಂದೆಂದೂ ಹೇಳಿದ್ದಲ್ಲ, ಆ ಗಳಿಗೆಯಲ್ಲೇ ಹುಟ್ಟಿದ್ದು. ಆ ಕೂಸು ಕಣ್ಣು ಒರೆಸಿಕೊಂಡಿತು. ನನ್ನ ನಾಲಗೆಗೆ ನಾನೇ ಬೆಚ್ಚಿಬಿದ್ದೆ. ನಾನು ಸತ್ತ ಮೇಲೂ ಇದು ನಿಮ್ಮ ಮನೆಯಲ್ಲಿ ಬೆಳೆಯುತ್ತ ಹೋಗುತ್ತದೆಂದು ಆಗ ತಿಳಿಯಿತು.

ಅಬ್ಬಾ ಬಂದರಾ — ಅವನು ಕೇಳಿದ್ದು ಇದು. ಇದನ್ನು ಬಲ್ಲವನು ನಿಮ್ಮ ಸೀಮೆಯಲ್ಲಿ ನಾನೊಬ್ಬನೇ. ಕಾದು ಕಾದು ಕೇಳಿದ ಆ ಮಾತು ನಿಮಗೆ ಸೇರಬೇಕಾದದ್ದು. ಅದನ್ನು ಬಚ್ಚಿಟ್ಟು ನನ್ನದೊಂದು ನಗುವನ್ನು ನಿಮಗೆ ಕೊಟ್ಟೆ.

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೆ ನಾನೇ ತರುತ್ತೇನೆ. ನಿನ್ನ ಮಕ್ಕಳನ್ನೂ ಕರೆದು ಕೂಡಿಸು, ನಿಮ್ಮೆಲ್ಲರ ಎದುರು ನಾನೇ ಓದುತ್ತೇನೆ. ಓದಿ ಮುಗಿದ ಮೇಲೆ ನೀನು ಏನಂದರೂ ಕೇಳಿಕೊಂಡು ಕೂತಿರುತ್ತೇನೆ. ಏಳು ಎಂದರೆ ಏಳುತ್ತೇನೆ.